ಮೊಳಿ ತೂತು

ಹೊರಗ ಯಾಕ ನಿಂತಿ, ಒಳಗ ಬಾ ಬಂಡಮ್ಮಾ,
ಇದೇನ್ ಮನಿ ಅಲ್ಲ, ತಗಡಿನ ಡಬ್ಬಿ.
ಶಹಾಪುರ ಬಸ್ ಸ್ಟ್ಯಾಂಡಿನ ಧೂಳು
ಮೊದಲು ನನಗ ಶರಣು ಮಾಡಿ
ಆಮ್ಯಾಲ ಊರಾಗ ಹೋಗ್ತದ.

ತಾ ಇಲ್ಲಿ ಆ ಹಳೇ ಪಟ್ಟಾ.
ಹ್ಞಾ, ನನ್ನ ಕೈದೇ.
ಅಂಗುಲಕ್ಕ ಏಳು ಹೊಲಿಗಿ.
(ನಮ್ಮಪ್ಪ ಎಂಟು ಹಾಕ್ತಿದ್ದ, ಅವನ ಕಣ್ಣು ಬ್ಯಾರೆ.)

ಮೂವತ್ತೊಂದು ವರ್ಷದ ಕೆಳಗ
ನಿಮ್ಮಪ್ಪ ಸಿದ್ಲಿಂಗಪ್ಪ ಪುರವಂತ
ಹುಣಸಿ ಗಿಡದ ನೆಳ್ಳಾಗ ನಿಂತು ಕೂಗಿದ್ದ:
ಹುಸೇನಪ್ಪಾ, ಖಡ್ಗಕ್ಕೊಂದು ಪಟ್ಟಾ ಆಗಬೇಕು.
ಅಳತಿ ಅಂದೆ.
ಕಣ್ಣಳತಿ ಸಾಕು ಅಂದ.
ಹದಿನೆಂಟು ಮಾರು ದೂರದ ಕಣ್ಣಳತಿ.
ಅಷ್ಟು ದೂರಕ್ಕ
ಮನುಷ್ಯಾನೂ ಒಂದೇ, ಲೈಟಿನ ಕಂಬಾನೂ ಒಂದೇ.

ಗುಗ್ಗಳದಾಗ ಅವ ಒಡಪು ಎತ್ತಿದರ
ಹಲಗಿ ನಿಲ್ತಿತ್ತು, ನಾಯಿ ಸುಮ್ಮಾಗ್ತಿದ್ವು.
ಮಂದಿ ಬಾಯಿ ನೋಡ್ತಿದ್ರು,
ನಾ ಕಟ್ಟಿ ಮೂಲಿಯಿಂದ ಹೆಗಲು ನೋಡ್ತಿದ್ದೆ.

ತಯಾರಾದ ದಿನ
ಬೇವಿನ ಟೊಂಗಿಗೆ ತೂಗಹಾಕು ಅಂದ. ಹಾಕಿದೆ.
ತಂಬಿಗಿ ನೀರು ಚಿಮುಕಿಸಿ
ತಗೊಂಡು ಹೋದ.
ಹೊಸ ತೊಗಲಿಗೆ ನೀರು ಆಗಿಬರಂಗಿಲ್ಲ.
ಬಾಯಿತನಕ ಬಂದಿತ್ತು ಮಾತು.

ಈಗ ಇಲ್ಲಿ ನೋಡು, ಬಕ್ಕಲ್ ಬಾಜೂಕ.
ನಾ ಹೊಡದದ್ದು ಐದು ತೂತು, ದುಂಡಗ.
ಆರನೇದು ಯಾರದು?
ಅಂಚು ಸುಟ್ಟದ, ಸಾಲು ಬಿಟ್ಟು ಸೊಟ್ಟ ಕೂತದ.
ಮೊಳಿ ಕಾಸಿ ಚುಚ್ಯಾನ, ತಾನೇ,
ರಾತ್ರಿ ಒಲಿ ಮುಂದ ಕೂತು.
ಎರಡು ಬೆರಳು ಸಡ್ಲ ಆಗಿತ್ತು.
ಎರಡೇ ಬೆರಳು.

ಇದೇ ಹಾದಿಗೆ ಸಂತಿಗೆ ಹೋಗಿ ಬರಾಂವ
ಒಮ್ಮಿ 'ಸಡ್ಲದೋ' ಅಂದಿದ್ರ
ಬೀಡಿ ಆರೋದ್ರಾಗ ಮುಗೀತಿತ್ತು.
ಈಗ ಗಂಟಲ ಹೋಗ್ಯಾದ, ಸನ್ನಿ ಮಾಡ್ತಾನಂತ,
ಖಡ್ಗ ನಿನಗ ಕೊಟ್ಟಾನಂತ.
ಮೂವತ್ತೊಂದು ವರ್ಷ ದನಿ ಇತ್ತು.
ನಾನೂ ಕೇಳಲಿಲ್ಲ ಬಿಡು,
ನನಗೂ ಸೊಕ್ಕಿತ್ತು.

ಇದು ನಿನಗ ಬರಂಗಿಲ್ಲ. ನೀ ಎಡಚಿ.
ತಿರುವಿ ಹಾಕಿದರ ಹಿಡಿ ಬೆನ್ನಿಗೆ ಮಾರಿ ಮಾಡ್ತದ,
ಖಡ್ಗ ಅಂತ ಹೋಗಿ ಗಾಳಿ ಹಿರೀತಿ.
ಹೊಸಾದೇ ಆಗಬೇಕು.

ತೊಗಲು ಮುಟ್ಟಿ ಆರಿಸು, ನೋಡಿ ಅಲ್ಲ.
ಇದು ಆಡಿಂದು. ಮೆತ್ತಗದ, ಖರೇ;
ನಾಕು ಲಗ್ನಕ್ಕ ಲಾಡಿ ಆಗ್ತದ.
ಇದು ಎಮ್ಮಿ ಹೊಟ್ಟಿ,
ಮೆಂಬರನ ಮಾತಿನಂಗ ಜಗ್ಗಿದಷ್ಟು ಬರ್ತದ.
ಇದು ಕುತ್ತಿಗಿ, ಹಗ್ಗದ ಗೆರಿ ಇನ್ನೂ ಹೋಗಿಲ್ಲ.
ಇದು ಬೆನ್ನು.
ತಂಗಡಿ ತೊಗಟಿ ನೀರಾಗ ನಲವತ್ತು ದಿನ
ನಮ್ಮ ಗುಡ್ಡದ ಬುದ್ಧನಂಗ ಮಲಗಿತ್ತು.
ಮಡಚು. ಬಿಡು.
ಬಿರುಕು ಬಿತ್ತೇನು?
ಹ್ಞಾ, ಹಂಗಾದ್ರ ಇದೇ.

ದಾರ ತಗೋ.
ಎಡ ಹೆಗಲಿಂದ ಬಲ ಟೊಂಕಕ್ಕ, ಬೆನ್ನು ಸುತ್ತಿ ಮ್ಯಾಲ.
ಗಂಟು ನೀನೇ ಹಾಕು,
ನಾ ರಸ್ತಾ ಕಡಿ ನೋಡ್ತೀನಿ.
ಏನಂದಿ?
ನಾನೇ ಹಿಡೀಬೇಕಾ?

ನನ್ನ ಬೆರಳೆಲ್ಲ ಮೇಣ, ಕುಸುಬಿ ಎಣ್ಣಿ;
ಬಿಳೀ ಅಂಗಿ ಹಾಕ್ಕೊಂಡು ಬಂದೀದಿ,
ಕಲಿ ಆದ್ರ ಹೋಗಂಗಿಲ್ಲ.
ಅಂದ್ರೂ ಅಲ್ಲೇ ನಿಂತಿ.

ಆತು. ಹೆಗಲು ಇಳಿಬಿಡು.
ಉಸಿರು ತಗೋ, ಹಿಂಗಲ್ಲ,
ಒಡಪು ಎತ್ತುವಾಗ ತಗೋತಿಯಲ್ಲ, ಹಂಗ.
ಖಾಲಿ ಎದಿ ಅಳದು ಹೊಲಿದ ಪಟ್ಟಾ
ಎರಡನೇ ಸಾಲಿಗೇ ಕುತ್ತಿಗಿ ಹಿಡೀತದ.
ಇನ್ನೊಂಚೂರು. ಹ್ಞಾ, ತಡಿ,
ಬಿಡಬ್ಯಾಡ.

ಇಷ್ಟು ವರ್ಷ ಪಟ್ಟಾ ಹೊಲಿದೆ,
ಒಂದು ಹೆಗಲಿನ ಎಲುಬು
ಎಲ್ಲಿ ಏಳ್ತದ, ಎಲ್ಲಿ ಇಳೀತದ
ಇವತ್ತು ಗೊತ್ತಾತು.

ರೊಕ್ಕ ಆಮ್ಯಾಲ.
ಸೋಮವಾರ ಖಡ್ಗ ಸುದ್ದಾ ತಗೊಂಡು ಬಾ,
ಹಾಕಿ, ಹಿರಿದು, ಕುಣಿದೇ ಹೋಗಬೇಕು.
ಐದು ತೂತು ಹೊಡೀತೀನಿ,
ಆರನೇದು ಈಗ ಇಲ್ಲ.
ಒಂದು ಲಗ್ನದ ಹಂಗಾಮು ಕಳೀಲಿ,
ತೊಗಲು ನಿನ್ನ ಮೈ ಕಲೀಲಿ.
ಸಡ್ಲ ಆಗ್ತದ, ಆಗಬೇಕದು.
ಆಗ ಮನ್ಯಾಗ ಮೊಳಿ ಕಾಸ್ಕೋತ ಕೂಡಬ್ಯಾಡ,
ಬಾ.