ಎರಡು ರಾತ್ರಿ, ಮೂರು ಹಗಲು

ಮಲ್ಪೆಯ ಸೇತುವೆ ದಾಟಿ ಆಟೋ ಪಡುಕೆರೆಯ ದಾರಿ ಹಿಡಿದಾಗ
ಒಂದು ಕಡೆ ಹೊಳೆ, ಒಂದು ಕಡೆ ಕಡಲು,
ನಡುವೆ ನಾವಿಬ್ಬರು, ಒಂದು ಸೂಟ್‌ಕೇಸು,
ಗದಗಿನಿಂದ ತಂದ ರೊಟ್ಟಿಯ ಗಂಟು.
"ಅಲ್ಲಿ ಊಟ ಕೊಡ್ತಾರ" ಅಂದಿದ್ದರು ಇವರು.
ಕೊಡಲಿ.
ಕಟಕ ರೊಟ್ಟಿ ಕೊಡ್ತಾರೇನು?

ಬಾಗಿಲಲ್ಲೇ ಎಳನೀರು. ಹಣೆಗೆ ಗಂಧ.
ಕರಿಹಲಗೆಯ ಮೇಲೆ ಹಸಿರು ಸೀಮೆಸುಣ್ಣದಲ್ಲಿ
'ಹಾರ್ಧಿಕ ಸ್ವಾಗತ'.
ಇವರು ಬೊಂಡ ಕೈಯಲ್ಲಿ ಹಿಡಿದು, ಹೀರದೆ,
ಅಲ್ಲೇ ನಿಂತುಬಿಟ್ಟರು.
"ದಕಾರದ ಹೊಟ್ಟಿ ಸೀಳ್ಯಾರ ನೋಡು."
ಮೊಣಕೈಯಿಂದ ತಿವಿದೆ.
ಮೂವತ್ತೆಂಟು ವರ್ಷ, ಊರ ಲಗ್ನಪತ್ರಿಕೆಗಳಲ್ಲಿ
ಇಂಥ ಎಷ್ಟು ಹೊಟ್ಟೆ ಹೊಲಿದಾರೋ ಈ ಮನುಷ್ಯ.

ಕೌಂಟರಿನ ಹುಡುಗನ ಎದೆಯ ಮೇಲೆ ಹೆಸರು: ನಿಶಾಂತ್ ಮೆಂಡನ್.
ಅವನು ಕೊಟ್ಟ ಫಾರಮಿನಲ್ಲಿ
ಹೆಸರು, ಊರು, ವಯಸ್ಸು ಸರಸರ ತುಂಬಿತು.
ಕಸುಬು ಅಂದಲ್ಲಿ ಪೆನ್ನು ನಿಂತಿತು.

ಹೋದ ಅಮಾಸಿಯ ಮರುದಿನ
ಟ್ರೆಡಲ್ ಯಂತ್ರ ಗುಜರಿ ಲಾರಿ ಹತ್ತಿತ್ತು,
ಸೀಸದ ಅಕ್ಷರ ಚೀಲದಲ್ಲಿ, ಕಿಲೋ ಲೆಕ್ಕ.
ತಕ್ಕಡಿಯಲ್ಲಿ ಒತ್ತಕ್ಷರಕ್ಕೂ ಅದೇ ದರ,
ಪೂರ್ಣವಿರಾಮಕ್ಕೂ ಅದೇ.
ಆ ದುಡ್ಡಿನ ಒಂದು ಚೂರು ಈ ಕೋಣೆ.

"ಖಾಲಿ ಬಿಟ್ರೂ ಆಗ್ತದೆ ಸರ್" ಅಂದ ಹುಡುಗ.
ಬಿಟ್ಟರು.

ಕೋಣೆಯಲ್ಲಿ ದೀಪ ಹತ್ತಲಿಲ್ಲ.
ಇಬ್ಬರೂ ಗೋಡೆ ಸವರಿದೆವು, ಕುರುಡರ ಹಾಗೆ,
ಕಾರ್ಡು ತೂರಿಸಬೇಕಂತೆ, ಗೊತ್ತಾದಾಗ
ಮಂಚದ ಮೇಲೆ ಬಿಳಿ ಟವೆಲಿನ ಹಂಸ ಎರಡು,
ಕೊಕ್ಕಿಗೆ ಕೊಕ್ಕು ತಾಗಿಸಿ.
"ಯಾರಿಗೋ ಮಾಡಿದ್ದು ನಮಗ ಬಂದೈತಿ" ಅಂದರು ಇವರು.
ಬಿಚ್ಚಲು ಮನಸ್ಸಾಗಲಿಲ್ಲ.
ಎರಡನ್ನೂ ಎತ್ತಿ ಕುರ್ಚಿಯ ಮೇಲಿಟ್ಟು
ಮೋರೆ ತೊಳೆದು ಸೆರಗಿನಲ್ಲೇ ಒರೆಸಿಕೊಂಡೆ.

ಕಸ ಗುಡಿಸಲು ಬಂದ ವನಜಕ್ಕನಿಗೆ
ಶೇಂಗಾ ಚಟ್ನಿಯ ವಾಸನೆ ಸಿಕ್ಕಿತು.
ಎರಡು ರೊಟ್ಟಿ ಸುತ್ತಿ ಕೊಟ್ಟೆ.
ಮುರಿದು ಬಾಯಿಗಿಟ್ಟು, "ಹಪ್ಪಳವಾ ಇದು?" ಅಂದಳು.
ಇಬ್ಬರೂ ನಕ್ಕೆವು. ಅಲ್ಲಿಗೆ ಆ ಕೋಣೆ
ಸ್ವಲ್ಪ ನನ್ನದಾಯಿತು.

ಸಂಜೆ ಇವರು ಪ್ಯಾಂಟು ಮಡಚಿ ನೀರಿಗಿಳಿದರು,
ಪಾದ ಮುಳುಗುವಷ್ಟು.
ಬೊಗಸೆಯಲ್ಲಿ ಎತ್ತಿಕೊಂಡು ಉಗುರು ತಿಕ್ಕಿದರು.
ಸೀಮೆಎಣ್ಣೆಗೆ ಹೋಗದ ಮಸಿ
ಉಪ್ಪುನೀರಿಗೆ ಹೋದೀತೇ?
ನಾನು ಮಳಲಲ್ಲಿ ಕೂತು
ಎರಡು ಜೋಡು ಚಪ್ಪಲಿ ಕಾದೆ.

ರಾತ್ರಿ ಕೋಣೆ ಗಾಜು ಮುಚ್ಚಿಕೊಂಡು ತಣ್ಣಗೆ, ಮೂಕ.
ಇವರಿಗೆ ನಿದ್ದೆ ಇಲ್ಲ. ಯಂತ್ರ ಹೋದಂದಿನಿಂದ ಇಲ್ಲ.
ಲಗ್ನದ ದಿನಗಳಲ್ಲಿ ಪಡಸಾಲೆಯಲ್ಲಿ ಅದು
ಬೆಳತನಕ ಬಡಿಯುತ್ತಿದ್ದರೆ
ನಮ್ಮ ಕೂಸುಗಳೂ ಅದಕ್ಕೇ ಮಲಗಿದವು.
ಒಂದರ ಸುಮಾರಿಗೆ ಎದ್ದು ಬಾಗಿಲು ಸರಿಸಿದರು.
ಕಡಲು ಒಳಗೆ ಬಂತು:
ಒಂದು ಏರು, ಒಂದು ತಡೆ, ಒಂದು ಬಡಿತ.
ಕತ್ತಲಲ್ಲಿ ಎಣಿಸುತ್ತಿದ್ದರು, ತುಟಿ ಕಾಣುತ್ತಿರಲಿಲ್ಲ.
"ತಾಸಿಗೆ ಏಳ್ನೂರು.
ನಮ್ಮದಕ್ಕಿಂತ ನಿಧಾನ ಐತಿ."
ಸ್ವಲ್ಪ ಹೊತ್ತು ಬಿಟ್ಟು,
"ಹಾಳಿ ಹಾಕವ್ರು ಯಾರೂ ಇಲ್ಲ."
ಆಮೇಲೆ ಗೊರಕೆ.
ನಾನು ಬೆಳಗಿನವರೆಗೂ ಸೊಳ್ಳೆ ಹೊಡೆಯುತ್ತ
ಆ ಗೊರಕೆಯ ಕಾವಲಿಗೆ ಕೂತೆ.

ಬೆಳಿಗ್ಗೆ ವನಜಕ್ಕ ಸ್ಟೀಲ್ ಡಬ್ಬಿಯಲ್ಲಿ ಪತ್ರೊಡೆ ತಂದಳು.
"ಮೀನಿನ ಪಾತ್ರೆಯಲ್ಲ ಅಕ್ಕ, ಬೇರೆಯೇ" ಅಂದಳು, ನಾನು ಕೇಳುವ ಮೊದಲೇ.
ಹಂಸಗಳನ್ನು ನೋಡಿದಳು,
ನನ್ನ ಒದ್ದೆ ಸೆರಗು ನೋಡಿದಳು,
ಏನೂ ಅನ್ನಲಿಲ್ಲ.

ತಿಂಡಿಗೆ ಹೊರಟಾಗ ಹಲಗೆಯ ಹತ್ತಿರ ಕಾಲು ತಡೆಯಿತು.
ಸೀಳು ಮಾಯವಾಗಿತ್ತು. ಬರೀ ದಕಾರ, ಕೆಳಗೆ
ಬೆರಳು ಒರೆಸಿದ ಒಂದಿಷ್ಟು ಮಬ್ಬು.
ಇವರು ಕಡಲಿನ ಕಡೆ ನೋಡುತ್ತಿದ್ದರು,
ಕೈ ಹಿಂದೆ ಕಟ್ಟಿಕೊಂಡು.
ಹೆಬ್ಬೆರಳ ಉಗುರಲ್ಲಿ
ಕಪ್ಪಿನ ಮೇಲೆ ಹಸಿರು.