ಮೂಗಿನ ನೇರಕ್ಕೆ

ಗುರುವಾರ ನಾಲ್ಕಕ್ಕೆ ಬರುತ್ತಾಳೆ ನೆವಿಯಾ,
ಕರುವಿಗೂ ಕತ್ತೆಗೂ ನಿನಗೂ ಒಬ್ಬಳೇ ಡಾಕ್ಟರು.
ಫೋನಿನಲ್ಲಿ ಹೇಳಿದಳು: ಅಡುಗೆಮನೆಯಲ್ಲೇ ಆಗಲಿ,
ಅವಳಿಗೆ ಒಲೆಯ ಬದಿ ರೂಢಿ.
ಆಗಲಿ ಅಂದೆ.
ಫೋನು ಇಟ್ಟ ಮೇಲೂ ಎರಡು ಸಲ ಅಂದೆ.

ಇವತ್ತು ಬುಧವಾರ, ಮುರ್ವಾ.
ನಡೆ, ಒಮ್ಮೆ ಮಿರ್ನಾ ಹೊಳೆಯ ಕಾಡಿಗೆ.

ಮೊದಲೆಲ್ಲ ಜೀಪಿನ ಹಿಂಬದಿಗೆ ಒಂದೇ ನೆಗೆತ.
ಇವತ್ತು ನಾನೇ ಎತ್ತಿ ಕೂರಿಸಿದೆ.
ಹದಿನಾಲ್ಕು ವರ್ಷದ ಭಾರ ಎಲ್ಲಿಗೆ ಹೋಯಿತೋ,
ಒದ್ದೆ ಸ್ವೆಟರಿನಷ್ಟೂ ಇಲ್ಲ ನೀನು.

ನವೆಂಬರಿನ ಬೆಳಗು. ಓಕ್ ಎಲೆ ಕೊಳೆಯುವ ವಾಸನೆ
ನನಗೆ ಬರುತ್ತಿದೆ, ನಿನಗೆ ಬರುತ್ತಿಲ್ಲ.
ಇದಕ್ಕಿಂತ ತಲೆಕೆಳಗು ಇನ್ನೇನಾಗಬೇಕು ಲೋಕ?

ಎಲ್ಲರೂ ಅವರವರ ಮೂಗಿನ ನೇರಕ್ಕೆ ಬದುಕುತ್ತಾರೆ.
ನಾನೊಬ್ಬ ನಿನ್ನ ಮೂಗಿನ ನೇರಕ್ಕೆ ಬದುಕಿದೆ.
ನೀನು ನಿಂತಲ್ಲಿ ನಿಂತೆ, ಕೆರೆದಲ್ಲಿ ಮಂಡಿಯೂರಿದೆ,
ಇಗರ್ಜಿಯಲ್ಲೂ ಇಷ್ಟು ಮಂಡಿಯೂರಿದವನಲ್ಲ ಇವನೆಂದು
ಫೂಮಾ ಆಡಿಕೊಳ್ಳುತ್ತಿದ್ದಳು.
ನೆಲದಡಿಯ ಆ ಬಿಳಿ ಟ್ರಫಲ್,
ನೋಡಲು ಆಲೂಗಡ್ಡೆಯ ಬಡ ನೆಂಟ,
ಊರಾಚೆಯ ತಕ್ಕಡಿಯಲ್ಲಿ ಬಂಗಾರವಾಗುವ ಅಣಬೆ:
ನಮ್ಮ ಸೂರಿನ ಹೆಂಚು ಅದು, ಮಗಳ ಹಲ್ಲಿನ ತಂತಿ ಅದು,
ಫೂಮಾಳ ಕೊನೆಯ ವರ್ಷ
ಪುಲಾದ ಆಸ್ಪತ್ರೆಗೆ ಓಡಾಡಿದ ಪೆಟ್ರೋಲು ಅದು.
ಒಂದೇ ಒಂದನ್ನು ನೀನು ತಿಂದದ್ದು, ಮರಿಯಿದ್ದಾಗ,
ನನ್ನ ಒಂದು ತಿಂಗಳ ಸಂಬಳ ನುಂಗಿ ತೇಗಿದ್ದೆ.
ಅಲ್ಲಿಂದಾಚೆ, ಕೆರೆದು, ಮುಖ ನೋಡಿ,
ಒಣ ರೊಟ್ಟಿಯ ಚೂರಿಗೆ ವ್ಯಾಪಾರ ಮುಗಿಸುತ್ತಿದ್ದೆ.

ಹೇಳಿಬಿಡುತ್ತೇನೆ. ನಸುಕಿನಲ್ಲೇ ಬಂದಿದ್ದೆ ಇಲ್ಲಿಗೆ, ಒಬ್ಬನೇ.
ಪಕ್ಕದ ಮನೆಯ ಬೆರ್ತೋನಿಂದ ಕೊಂಡ, ಹೌದು, ದುಡ್ಡು ಕೊಟ್ಟು ಕೊಂಡ
ಅಕ್ರೋಟಿನಷ್ಟರ ಒಂದನ್ನು
ಸಿಡಿಲು ಸೀಳಿದ ಓಕಿನ ಬುಡದಲ್ಲಿ
ಗೇಣು ಆಳಕ್ಕೆ ಹೂತು, ಎಲೆ ಹೊದಿಸಿ,
ಕಳ್ಳನ ಹಾಗೆ ಮನೆಗೆ ಮರಳಿ ನಿನ್ನನ್ನು ಎಬ್ಬಿಸಿದ್ದೆ.
ಕೊನೆಗೊಮ್ಮೆ ಗೆಲ್ಲಲಿ ಅಂತ.

ನೀನು ಅದರ ಮೇಲೇ ನಡೆದುಹೋದೆ.
ಮೂಗು ನೆಲಕ್ಕೇ ಹಚ್ಚಿತ್ತು, ರೂಢಿಗೆ,
ಕಣ್ಣು ಹೋದವಳು ಕನ್ನಡಕ ಒರೆಸಿಕೊಳ್ಳುವ ಹಾಗೆ.
ಇಲ್ಲಿ, ಮುರ್ವಾ, ಇಲ್ಲಿ ಅಂದೆ.
ಕಿವಿಯೂ ಅಷ್ಟಕ್ಕಷ್ಟೆ.

ಆಮೇಲೆ ನೀನು ಮುಂದೆ, ನಾನು ಹಿಂದೆ, ಎಂದಿನಂತೆ.
ಕಾಲುವೆ ದಾಟಿ, ತುಕ್ಕು ಹಿಡಿದ ತಂತಿ ದಾಟಿ,
ಹತ್ತು ವರ್ಷದಿಂದ ನಾವು ಕಾಲಿಡದ ಮೂಲೆಗೆ.
ಅಲ್ಲಿದ್ದ ಪಾಪ್ಲರ್ ಮರವೂ ಈಗಿಲ್ಲ, ಬೊಡ್ಡೆಯಷ್ಟೆ.
ಮುಂಗಾಲಿಂದ ಮೂರು ಸಲ ಕೆರೆದೆ ನೀನು.
ತಿರುಗಿ ನನ್ನ ಮುಖ ನೋಡಿದೆ.

ನಿನ್ನ ಮೊದಲನೆಯದು ಸಿಕ್ಕಿದ್ದು ಇಲ್ಲೇ ಅಲ್ಲವೇ.
ಮಳೆ ನಿಂತ ರಾತ್ರಿ, ಟಾರ್ಚು ಹಿಡಿದಿದ್ದವಳು ಫೂಮಾ,
ಮುಷ್ಟಿಯಷ್ಟಿತ್ತು. ಅವಳು ನಿನ್ನ ಮೂತಿಗೇ ಮುತ್ತಿಟ್ಟಳು,
ಆಮೇಲೆ ಅದೇ ಮಣ್ಣುತುಟಿಯಲ್ಲಿ ನನಗೆ.

ಮಂಡಿಯೂರಿದೆ. ಅಗೆದೆ.
ಬೇರು, ಒಂದು ಎರೆಹುಳು, ಬೂದು ಜೇಡಿ.
ನೀನು ಕಾಯುತ್ತಿದ್ದೆ.
ನನಗೆ ನೀನು ಒಮ್ಮೆಯೂ ಸುಳ್ಳು ಹೇಳಿದವಳಲ್ಲ.

ಬರಿಗೈಯನ್ನೇ ಮಡಚಿ, ಮೂಸಿ, ಅಬ್ಬಾ ಅಂದೆ.
ಜೇಬಿಗೆ ಇಳಿಸಿ ಗುಂಡಿ ಹಾಕಿದೆ.
ರೊಟ್ಟಿ ಕೊಟ್ಟೆ, ಚೂರಲ್ಲ, ಇಡೀ.
ನೀನು ನಿಧಾನಕ್ಕೆ ತಿಂದೆ,
ಸಂಬಳ ಎಣಿಸಿಕೊಳ್ಳುವವರ ಹಾಗೆ.

ಬೆರ್ತೋನದು ಅಲ್ಲೇ ಇರಲಿ, ಓಕಿನ ಕೆಳಗೆ.
ಹಂದಿ ತಿನ್ನಲಿ, ಇಲ್ಲಾ ಯಾರದೋ ಮರಿನಾಯಿಗೆ ಸಿಕ್ಕಿ
ಊರೆಲ್ಲ ಹೆಸರಾಗಲಿ ಅದಕ್ಕೆ.

ನಾಳೆ ಸಂಜೆ ನಿನಗೆ ಮಣ್ಣು ಕೊಡುವುದೆಲ್ಲಿ
ಎಂದು ವಾರದಿಂದ ನಿದ್ದೆಗೆಟ್ಟಿದ್ದೆ.
ಅಂಗಳವೋ, ಹಿತ್ತಲ ಅಂಜೂರದ ಬುಡವೋ.
ಮೂರು ಗೀರು ಎಳೆದು ತೋರಿಸಿಬಿಟ್ಟೆ ನೀನೇ.
ಗುದ್ದಲಿಯನ್ನು ಅಲ್ಲೇ ಬೊಡ್ಡೆಗೆ ಒರಗಿಸಿ ಬಂದೆ.

ಜೀಪಿನಲ್ಲಿ ಹೀಟರು ಹಾಕಿದೆ. ದಾರಿಯುದ್ದಕ್ಕೂ
ನಿನ್ನ ತಲೆ ನನ್ನ ತೊಡೆಯ ಮೇಲೆ,
ಗುಂಡಿ ಹಾಕಿದ ಜೇಬಿನ ಹತ್ತಿರ,
ಕಾವಲಿಗೆ.