ಇಬ್ಬನಿ ತೂಕ

ನಮ್ಮ ಕಟಗಿ ಅಡ್ಡಾಕ್ಕ ಬೋರ್ಡಿಲ್ಲ.
ಹಳೇ ಹುಬ್ಬಳ್ಳ್ಯಾಗ ಯಾರನ್ನ ಕೇಳಿದರೂ
ಸರಪಳಿ ಸಪ್ಪಳ ಬರೋ ಕಡೆ ಕೈ ತೋರಸ್ತಾರ.
ತೊಲಿಗೆ ತೂಗುಬಿಟ್ಟ ತಕ್ಕಡಿ, ಐವತ್ತು ಕಿಲೋದ್ದು.
ಕಲ್ಲಿಡೋ ತಟ್ಟ್ಯಾಗ, ಕಲ್ಲಿನ ಸಂಗಾಟ,
ಮಂಗಳೂರು ಹೆಂಚಿನ ಒಂದು ಮುರಕು,
ಅಪ್ಪ ಇಟ್ಟದ್ದು.
ತಕ್ಕಡಿ ಡೊಂಕು, ಅದಕ್ಕ ಇಟ್ಟಾನ ಅಂತ ತಿಳಕೊಂಡು
ಆರು ಚಳಿಗಾಲ ನಾನೂ ತೆಗೀಲಿಲ್ಲ.

ನೀರು ತುಂಬೋ ಹಬ್ಬ ಒಂದು ವಾರ ಇದ್ದಂಗ
ದರ ಏರತೈತಿ.
ಏರಿಸಿದವರು ಯಾರಂತ ಕೇಳಬ್ಯಾಡ್ರಿ.
ನಾಕಾದಾಗ ಪಾಸು ನೋಡಾವ,
ಕಲಘಟಗಿ ದಾಟೂದರಾಗ ಎರಡು ಸಲ ಡೀಸೆಲ್ ಬೈಯೋ
ಲಾರಿ ಗೌಸ್‌ಮೊದ್ದೀನ,
ಏರಸಾಕೊಂದು ಇಳಸಾಕೊಂದು ಹಮಾಲಿ,
ಎಲ್ಲಾರೂ ಒಂದೊಂದು ರೂಪಾಯಿ ಹಚ್ಚಿ
ನನ್ನ ಕಡೆ ಬೊಟ್ಟು ಮಾಡ್ತಾರ.
ನಾನು ಹಲಿಗಿ ಮ್ಯಾಲೆ ಸುಣ್ಣದ ಕಡ್ಡೀಲೆ ಬರೀತೀನಿ:
ಕ್ವಿಂಟಲ್ಲಿಗೆ ಏಳುನೂರಾ ಎಂಬತ್ತು.
ಒರಸ್ತೀನಿ.
ಎಂಟುನೂರಾ ಹತ್ತು.

ಅಕೇಶಿಯಾ ಲಗೂನ ಹತ್ತತೈತಿ, ಲಗೂನ ಬೂದಿ.
ಜಾಲಿ ಹಂಗಲ್ಲ. ನವಲಗುಂದದ ಎರಿಯಾಗ ಬೇರು ಬಿಟ್ಟದ್ದು,
ಮುಳ್ಳು ಸವರಿದವರ ಅಂಗೈ ನೋಡಿದ ಮ್ಯಾಲೆ
ಅದರ ದರಾ ನಾನು ಚೌಕಾಸಿ ಮಾಡೂದಿಲ್ಲ.

ಮಾಳಗಿ ಮ್ಯಾಲೆ ಸೋಲಾರ್ ಕೂಡಿಸಿದಾಗಿಂದ
ನನ್ನ ಕಡೆ ಹಣಿಕಿ ಹಾಕದ ಅಕ್ಕೂರಮಠ ಮಾಸ್ತರು
ಮೋಡ ಮುಸುಕಿದ ಮೂರನೇ ದಿನ
ಸ್ಕೂಟರ್ ನಿಲ್ಲಿಸಿ, ಚೀಲ ಬಿಡಿಸಿ,
"ಬರೇ ಇಪ್ಪತ್ತು ಕಿಲೋ" ಅಂತಾರ,
ಕೈಗಡ ಕೇಳೋ ದನಿಯಾಗ.

ಈಗೊಂದು ಮಾತು, ವ್ಯಾಪಾರದವರು ಆಡಬಾರದ್ದು.
ಬಯಲಾಗ ಒಟ್ಟಿದ ಕಟಗಿ
ರಾತ್ರಿಯೆಲ್ಲಾ ಇಬ್ಬನಿ ಕುಡೀತೈತಿ.
ನಸುಕಿನ್ಯಾಗ ತೂಗಿದರ ನೂರು.
ಅದ ರಾಶಿ ಮಧ್ಯಾಹ್ನ ಮೂರಕ್ಕ ತೊಂಬತ್ತಾರು.
ಗರಜು ಇದ್ದಾವ ನಸುಕಿನ್ಯಾಗ ಬರ್ತಾನ,
ನೀರು ಕಾಸಾಕ
ನೀರನ್ನ ಕೊಂಡು ಒಯ್ತಾನ.

ಬಾಳವ್ವ ಐದಕ್ಕ ಬರ್ತಾಳ.
ಬಾಣಂತ್ಯಾರಿಗೆ ಎರಿಯಾಕಿ, ಓಣಿಗೊಂದು ಕೂಸು,
ಚಳಿಗಾಲದಾಗ ಹಂಡೆ ಆರಂಗಿಲ್ಲ.
ಒಂದು ತುಂಡು ಎತ್ತಿ ಇನ್ನೊಂದಕ್ಕ ಬಡದು
ಕಿವಿ ಕೊಡ್ತಾಳ.
"ಇದು ಅಳೂ ಕಟಗಿ, ತಂಗೀ.
ಒಲ್ಯಾಗ ಇದು, ಬಚ್ಚಲದಾಗ ಕೂಸು,
ನಾ ಯಾರನ್ನ ರಮಿಸ್ಲಿ?"
ನಾನು ತಕ್ಕಡಿ ಕಡೆ ನೋಡ್ತಿದ್ದೆ.
ನಾಕು ಕಿಲೋ ಇಬ್ಬನಿ ಮಾರಿದ್ದು ನನಗ ಗೊತ್ತಿತ್ತು.
ಮಧ್ಯಾಹ್ನ ಬಾ ಅನ್ನಾಕ ಬಾಯಿ ಬರ್ತಿರಲಿಲ್ಲ.

ಮೊನ್ನೆ ತೂಕ-ಅಳತಿ ಇಲಾಖೆಯವ ಬಂದ,
ಮಫ್ಲರ್ ಬಿಚ್ಚದ, ಮೂಗು ಸೋರಸ್ಕೋತ.
ಖಾಲಿ ತಟ್ಟಿ ನೋಡಿದ, ಹೆಂಚು ಎತ್ತಿ ಬದಿಗಿಟ್ಟ,
ಮುಳ್ಳು ನಟ್ಟ ನಡಕ್ಕ ನಿಂತಿತು.
"ತಕ್ಕಡಿ ಸರಿ ಐತೆಲ್ಲವಾ.
ಎರಡು ಕಿಲೋ ನಿಮ್ಮ ಮೈಮ್ಯಾಲೆ ಹಾಕ್ಕೊಂಡೀರಿ!
ಗಿರಾಕಿಗೆ ಲಾಭ ಆದರೂ ತಪ್ಪು ತಪ್ಪ ಐತಿ."
ಮುದ್ರಿ ಒತ್ತಿ, ಚಾ ಕುಡದು ಹ್ವಾದ.

ಹಜರೇಸಾಬ, ಅಪ್ಪನ ಕಾಲದ ತೂಗಾವ,
ಕಟಗಿಗೆ ಹೇಳಿದಂಗ ಹೇಳಿದ:
"ಅಪ್ಪಾರು ನಸುಕಿನ್ಯಾಗ ಇಡ್ತಿದ್ರು.
ಬಿಸಿಲು ಏರಿದ ಮ್ಯಾಲೆ ತೆಗೀತಿದ್ರು."
ನನಗ್ಯಾಕ ಹೇಳಲಿಲ್ಲೋ ಅಂದೆ.
"ನೀವು ಮಧ್ಯಾಹ್ನಾನೂ ತೆಗೀಲಿಲ್ಲ.
ಅಪ್ಪಾರಕಿಂತಾ ದೊಡ್ಡ ಮನಸು ಅಂದ್ಕೊಂಡೆ."

ಐವತ್ತಕ್ಕ ಎರಡು. ನೂರಕ್ಕ ನಾಕು.
ಆರು ಚಳಿಗಾಲ ಕದ್ದೀನಿ ಅನ್ಕೊಂಡದ್ದನ್ನ
ನಾನು ತೂಗಿ ಕೊಟ್ಟಿದ್ದೆ,
ಮಧ್ಯಾಹ್ನದವರಿಗೆ ಪುಕ್ಕಟೆ ಬ್ಯಾರೆ.
ನಗೂ ಬಂತು. ಲೆಕ್ಕದ ಪುಸ್ತಕ ತೆಗೆದೆ,
ಮುಚ್ಚಿದೆ.

ಇವತ್ತು ಐದಕ್ಕ ಬಾಳವ್ವ ಬಂದಳು.
ಹಲಿಗಿ ಮ್ಯಾಲೆ ದರ ಇತ್ತು, ತಕ್ಕಡಿ ಮ್ಯಾಲೆ ಸರಕಾರದ ಮುದ್ರಿ.
ಆಕಿ ತುಂಡಿಗೆ ತುಂಡು ಬಡದು ಕಿವಿ ಕೊಟ್ಟಳು.
ಹಜರೇಸಾಬ ಸರಪಳಿ ಹಿಡಕೊಂಡು ನನ್ನ ನೋಡಿದ.
ಹೆಂಚಿನ ಮುರಕು ರಾತ್ರಿ ಹೊರಗ ಉಳದಿತ್ತು.
ಕೈಯಾಗ ತಗೊಂಡೆ.
ಅದೂ ಹಸಿ ಆಗಿತ್ತು.